ಫಿಲ್ಮ್ ಹಾಳಾಯ್ತಾ? ಮೊದಲು ಅಂಚು ನೋಡಿ: ಮನೆ ಡಾರ್ಕ್‌ರೂಮಿನ ದೋಷ ನಿವಾರಣೆ

ಮನೆಯಲ್ಲೇ ಕಪ್ಪು-ಬಿಳುಪು ಫಿಲ್ಮ್ ತೊಳೆಯಲು ಶುರು ಮಾಡಿದವರು, ಮೊದಲ ರೋಲ್ ಕೆಟ್ಟ ಕೂಡಲೇ ಏನಾದರೂ ಕೊಳ್ಳಲು ಹೊರಡುತ್ತಾರೆ. ಬೇರೆ ಡೆವಲಪರ್ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರವ), ಬೇರೆ ಟ್ಯಾಂಕ್ (ಫಿಲ್ಮ್ ತೊಳೆಯುವ, ಬೆಳಕು ನುಗ್ಗದ ಡಬ್ಬಿ), ಕೊನೆಗೆ ಬೇರೆ ಕ್ಯಾಮೆರಾ. ಕೆಟ್ಟ ಫಿಲ್ಮು ಮಾತ್ರ ಕಸದ ಬುಟ್ಟಿಗೆ ಹೋಗಿರುತ್ತದೆ. ತಪ್ಪು ಎಲ್ಲಿ ಆಯಿತು ಅಂತ ಹೇಳಬೇಕಾದದ್ದೇ ಅದು. ಹಾಗಾಗಿ ಇಲ್ಲಿ ಮೊದಲು ಲಕ್ಷಣ, ಆಮೇಲೆ ಪರೀಕ್ಷೆ, ಅದಾದ ಮೇಲೆ ಕೊಳ್ಳುವ ಮಾತು. ಕಲರ್ ಫಿಲ್ಮಿನ ಗೊಡವೆಗೆ ಹೋಗಿಲ್ಲ, ಅದರ ಲೆಕ್ಕವೇ ಬೇರೆ.

ಅಂಚಿನ ಅಕ್ಷರ ಏನು ಹೇಳುತ್ತದೆ

35 ಎಂಎಂ ಫಿಲ್ಮಿನ ತೂತುಗಳ ಪಕ್ಕ ಫಿಲ್ಮಿನ ಹೆಸರು, ಫ್ರೇಮ್ ನಂಬರ್ ಇರುತ್ತವಲ್ಲ, ಅವನ್ನು ಕಾರ್ಖಾನೆಯಲ್ಲೇ ಬೆಳಕು ಬಿಟ್ಟು ಬರೆದಿರುತ್ತಾರೆ. ನಿಮ್ಮ ಕ್ಯಾಮೆರಾಗೂ ಅವಕ್ಕೂ ಸಂಬಂಧವೇ ಇಲ್ಲ. ಆದರೆ ಅವು ಕಣ್ಣಿಗೆ ಕಾಣಬೇಕಾದರೆ ನಿಮ್ಮ ಡೆವಲಪರ್ ಕೆಲಸ ಮಾಡಬೇಕು. ಅಂದರೆ ಪ್ರತಿ ರೋಲಿನ ಜೊತೆಗೂ ಒಂದು ಸಾಕ್ಷಿ ಪುಕ್ಕಟೆ ಬಂದಿರುತ್ತದೆ.

ಫಿಲ್ಮ್ ಪೂರ್ತಿ ಗಾಜಿನಂತೆ ಖಾಲಿ, ಅಂಚಿನ ಅಕ್ಷರವೂ ಇಲ್ಲ ಅಂದರೆ ಡೆವಲಪರ್ ಸತ್ತಿದೆ. ಇಲ್ಲವೇ ಡೆವಲಪರಿಗಿಂತ ಮೊದಲು ಫಿಕ್ಸರ್ (ಮೂಡಿದ ಚಿತ್ರ ಉಳಿಸಿ, ಮಿಕ್ಕ ಬೆಳ್ಳಿ ಲವಣ ಕರಗಿಸುವ ದ್ರವ) ಸುರಿದಿದ್ದೀರಿ. ಎರಡನೆಯದಾಗಿದ್ದರೆ ಚಿತ್ರ ವಾಪಸ್ ಬರುವ ದಾರಿ ಇಲ್ಲ. ಬಾಟಲಿಗಳಿಗೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದಿಡಿ, ಬೇರೆ ಬೇರೆ ಆಕಾರದ ಬಾಟಲಿ ಆದರೆ ಇನ್ನೂ ಒಳ್ಳೆಯದು.

ಫಿಲ್ಮ್ ಖಾಲಿ, ಆದರೆ ಅಕ್ಷರ ಕಪ್ಪಗೆ ಚೆನ್ನಾಗಿ ಮೂಡಿದೆ ಅಂದರೆ ನಿಮ್ಮ ರಾಸಾಯನಿಕಗಳಿಗೆ ಏನೂ ಆಗಿಲ್ಲ. ಫಿಲ್ಮು ಕ್ಯಾಮೆರಾದೊಳಗೆ ಮುಂದಕ್ಕೆ ಹೋಗೇ ಇಲ್ಲ, ಅಥವಾ ಶಟರ್ ತೆರೆದಿಲ್ಲ. ಮುಂದಿನ ರೋಲ್ ಹಾಕಿದಾಗ ಲಿವರ್ ತಿರುಗಿಸುತ್ತಾ ಎಡಗಡೆಯ ರೀವೈಂಡ್ ಗುಬ್ಬಿ ಸುತ್ತುತ್ತಿದೆಯಾ ನೋಡಿ. ಸುತ್ತದಿದ್ದರೆ ಫಿಲ್ಮ್ ಕಚ್ಚಿಕೊಂಡಿಲ್ಲ.

ಜನ ಜಾಸ್ತಿ ಗೊಂದಲಕ್ಕೆ ಬೀಳುವುದು ತೆಳು, ಅಂದರೆ ಕಪ್ಪು ಸಾಲದ, ನೆಗೆಟಿವ್ ಕಂಡಾಗ. ಚಿತ್ರ ತೆಳುವಾಗಿದೆ, ಅಕ್ಷರವೂ ಪೇಲವ: ಡೆವಲಪ್ ಸಾಲದು. ಚಿತ್ರ ತೆಳುವಾಗಿದೆ, ಅಕ್ಷರ ಮಾತ್ರ ಗಟ್ಟಿ: ಕ್ಯಾಮೆರಾದಲ್ಲಿ ಬೆಳಕು ಸಾಲದು. ಎರಡನೆಯ ಕೇಸಿನಲ್ಲಿ ಡೆವಲಪ್ ಸಮಯ ಜಾಸ್ತಿ ಮಾಡಿದರೆ ಆಕಾಶ, ಬಿಳಿ ಅಂಗಿ ಇಂಥವು ಇನ್ನೂ ಕಪ್ಪಾಗುತ್ತವೆ, ಅಷ್ಟೇ. ನೆರಳಿನಲ್ಲಿ ದಾಖಲೇ ಆಗದ ವಿವರ ಎಲ್ಲಿಂದ ಬರಬೇಕು? ಮೀಟರ್ ಸರಿ ಮಾಡಿಕೊಳ್ಳಿ, ಡೆವಲಪರನ್ನು ಬೈಯಬೇಡಿ.

ಒಂದು ಎಚ್ಚರಿಕೆ ಮಾತು. ಅಕ್ಷರದ ಗಟ್ಟಿತನ ಕಂಪನಿಯಿಂದ ಕಂಪನಿಗೆ ಬೇರೆ. ಚೆನ್ನಾಗಿ ಬಂದ ಒಂದು ರೋಲಿನ ತುಂಡನ್ನು ಜೋಪಾನವಾಗಿ ಇಟ್ಟುಕೊಂಡು, ಅದೇ ಫಿಲ್ಮಿಗೆ ಅದೇ ಫಿಲ್ಮನ್ನು ಹೋಲಿಸಿ.

ಡೆವಲಪರ್ ಬದುಕಿದೆಯಾ?

ಫಿಲ್ಮಿನ ತುದಿಯ ನಾಲಿಗೆ ಹೇಗೂ ಬೆಳಕು ತಿಂದಿರುತ್ತದೆ. ಅದರ ಒಂದು ತುಂಡು ಕತ್ತರಿಸಿ, ಬೆಳಕಿನಲ್ಲೇ ಡೆವಲಪರಿಗೆ ಹಾಕಿ. ಕೆಲವು ನಿಮಿಷದಲ್ಲಿ ಕಪ್ಪಗಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಆ ಬಾಟಲಿ ಚೆಲ್ಲಿ. ಪ್ರತಿ ರೋಲಿಗೂ ಮುಂಚೆ ಮಾಡಬೇಕಾದ ಕೆಲಸ ಇದು, ಅದರಲ್ಲೂ ಎಕ್ಸ್‌ಟಾಲ್ ತರಹದ, ವಿಟಮಿನ್ ಸಿ ಬಳಗದ ಡೆವಲಪರ್ ಬಳಸುವವರು. ಕೊಡಾಕ್‌ನ ಡಿ-76 ಡೆವಲಪರ್ ಹಳತಾದರೆ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗಿ ಸುಳಿವು ಕೊಡುತ್ತದೆ. ಎಕ್ಸ್‌ಟಾಲ್ ಹಾಗಲ್ಲ, ನೀರಿನಂತೆ ಸ್ವಚ್ಛವಾಗಿ ಕಾಣುತ್ತಲೇ ಕೈ ಕೊಡಬಹುದು.

ಡಿ-76 ಬಾಟಲಿ ತುಂಬಿ ಬಿಗಿಯಾಗಿ ಮುಚ್ಚಿದ್ದರೆ 6 ತಿಂಗಳು, ಅರ್ಧ ಖಾಲಿಯಾದರೆ 2 ತಿಂಗಳು ಅಂತ ಕೊಡಾಕ್ ಲೆಕ್ಕ. ವ್ಯತ್ಯಾಸ ಬಾಟಲಿಯೊಳಗಿನ ಗಾಳಿಯದ್ದು. ಒಂದು ಲೀಟರ್ ಕಲಸಿ ನಾಲ್ಕು ಸಣ್ಣ ಬಾಟಲಿಗೆ ಕುತ್ತಿಗೆವರೆಗೂ ತುಂಬಿಸಿಡಿ. ತಿಂಗಳಿಗೆ ಒಂದೇ ರೋಲ್ ತೊಳೆಯುವವರಿಗೆ ನನ್ನ ಸಲಹೆ ರೋಡಿನಾಲ್ ಬಗೆಯ ಗಾಢ ದ್ರವ. 1891ರಿಂದ ಇರುವ ಸೂತ್ರ, ತೆರೆದ ಬಾಟಲಿಯೂ ವರ್ಷಗಟ್ಟಲೆ ತಡೆಯುತ್ತದೆ. ಗ್ರೇನ್ (ಚಿತ್ರದ ಕಣ) ಸ್ವಲ್ಪ ದಪ್ಪ ಕಾಣುತ್ತದೆ, ಒಪ್ಪುತ್ತೇನೆ. ಸತ್ತ ಡೆವಲಪರಿಗಿಂತ ವಾಸಿ ಅಲ್ವಾ?

ಕೆಮಿಕಲ್ ಅಂಗಡಿಯಿಂದ ತಂದು ನೀವೇ ಕಲಸುವುದಾದರೆ ಡಿ-76 ಸೂತ್ರ ಇಷ್ಟೇ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಸುಮಾರು 50 ಡಿಗ್ರಿ ಬಿಸಿಯ 750 ಮಿಲೀ ನೀರಿನಲ್ಲಿ ಇದೇ ಕ್ರಮದಲ್ಲಿ ಕರಗಿಸಿ, ಕೊನೆಗೆ ನೀರು ಸೇರಿಸಿ ಲೀಟರ್ ಮಾಡಬೇಕು. ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲು ಸಲ್ಫೈಟ್ ಪೂರ್ತಿ ಸುರಿದರೆ ಮೆಟಾಲ್ ಕರಗಲು ಒಪ್ಪುವುದಿಲ್ಲ, ತಳದಲ್ಲಿ ಪುಡಿಯಾಗಿ ಕೂರುತ್ತದೆ. ಹಾಗೆ ಮಾಡಿದ ಡೆವಲಪರ್ ತೆಳು ನೆಗೆಟಿವ್ ಕೊಟ್ಟರೆ ಆಶ್ಚರ್ಯ ಇಲ್ಲ. ಎರಡನೆಯದು ಅಂಗಡಿಯಲ್ಲೇ ಆಗುವ ಯಡವಟ್ಟು. ಸಲ್ಫೈಟ್ ಕೇಳಿದರೆ ಸಲ್ಫೇಟ್ ಕಟ್ಟಿಕೊಡುತ್ತಾರೆ. ಸಲ್ಫೇಟ್ ಹಾಕಿದ ಡೆವಲಪರಿಗೆ ಗಾಳಿಯಿಂದ ರಕ್ಷಣೆ ಇಲ್ಲ, ಬೇಗ ಕಂದಾಗುತ್ತದೆ. ಸಲ್ಫೈಡ್ ಅಂತೂ ಬೇರೆಯೇ ವಸ್ತು, ಕೊಳೆತ ಮೊಟ್ಟೆ ವಾಸನೆಯದು, ಡೆವಲಪರ್ ಹತ್ತಿರಕ್ಕೂ ತರಬಾರದು. ಡಬ್ಬಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ. ಕೈಗವಸು ಹಾಕಿಕೊಳ್ಳಿ, ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅಡುಗೆ ಮನೆಯ ಅಳತೆ ಪಾತ್ರೆ ಇಲ್ಲಿಗೆ ಬಂದರೆ ಮತ್ತೆ ಅಡುಗೆ ಮನೆಗೆ ಹೋಗಕೂಡದು.

ಹಾಲಿನಂತೆ ಮಬ್ಬು, ನಸುಗೆಂಪು ಬಣ್ಣ

ಫಿಲ್ಮ್ ಹೊರತೆಗೆದಾಗ ಹಾಲಿನಂತೆ ಮಬ್ಬಾಗಿದ್ದರೆ ಗಾಬರಿ ಬೇಡ. ಫಿಕ್ಸ್ ಸಾಲದಾಗಿದೆ. ಹೊಸ ಫಿಕ್ಸರಿಗೆ ಮತ್ತೆ ಹಾಕಿ, ತಿಳಿಯಾಗುತ್ತದೆ. ಟಿ-ಮ್ಯಾಕ್ಸ್ ಬಗೆಯ ಫಿಲ್ಮಿನಲ್ಲಿ ನಸುಗೆಂಪು, ನೇರಳೆ ಛಾಯೆ ಉಳಿದರೂ ಅದೇ ಸೂಚನೆ, ಇನ್ನಷ್ಟು ಫಿಕ್ಸ್ ಮಾಡಿ, ಚೆನ್ನಾಗಿ ತೊಳೆಯಿರಿ.

ಫಿಕ್ಸರ್ ಪರೀಕ್ಷೆಗೂ ಫಿಲ್ಮ್ ನಾಲಿಗೆಯೇ ಸಾಕು. ತುಂಡು ಮುಳುಗಿಸಿ, ಪೂರ್ತಿ ಪಾರದರ್ಶಕ ಆಗಲು ಎಷ್ಟು ಹೊತ್ತು ಹಿಡಿಯಿತು ನೋಡಿ. ಅದರ ಎರಡರಷ್ಟು ಹೊತ್ತು ಫಿಕ್ಸ್ ಮಾಡಬೇಕು. ಟಿ-ಮ್ಯಾಕ್ಸ್, ಡೆಲ್ಟಾ ಇಂಥವಕ್ಕೆ ಮೂರರಷ್ಟು. ಫಿಕ್ಸರ್ ಹೊಸದಿದ್ದಾಗಿನ ಸಮಯ ಬಾಟಲಿಯ ಮೇಲೆ ಬರೆದಿಡಿ, ಅದು ಇಮ್ಮಡಿಯಾದ ದಿನ ಬಾಟಲಿ ಬದಲಿಸಿ. ಅಗ್ಗದ ಹೈಪೋ ಹರಳು (ಸೋಡಿಯಂ ಥಯೋಸಲ್ಫೇಟ್, ಹಳೆಯ ಬಗೆಯ ಫಿಕ್ಸರ್) ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ನಿಧಾನ. ಅದನ್ನು ಬಿಸಿ ನೀರಿಗೆ ಹಾಕಿ. ಕರಗುವಾಗ ನೀರನ್ನು ಐಸಿನಂತೆ ತಣ್ಣಗೆ ಮಾಡಿಬಿಡುತ್ತದೆ. ಬರೀ ಹೈಪೋ ನೀರಿಗೆ ಆಸಿಡ್ ಜಾಸ್ತಿ ಬಿದ್ದರೆ ಗಂಧಕ ಒಡೆದು ಬೆಳ್ಳಗಾಗುತ್ತದೆ. ಸ್ಟಾಪ್ ಬಾತ್‌ಗೆ (ಡೆವಲಪರಿನ ಕೆಲಸ ನಿಲ್ಲಿಸುವ ಆಸಿಡ್ ನೀರು) ವಿನೆಗರ್ ಬಳಸುವವರು ಟ್ಯಾಂಕಿನಿಂದ ಅದನ್ನು ಪೂರ್ತಿ ಬಸಿದು, ಒಮ್ಮೆ ನೀರಾಡಿಸಿ ಹೈಪೋ ಹಾಕಿ.

ಬೆಳಕು ಎಲ್ಲಿಂದ ನುಗ್ಗಿತು?

ಇಡೀ ಫಿಲ್ಮ್ ಅಂಚಿನವರೆಗೂ ಕಪ್ಪು ಅಂದರೆ ಕ್ಯಾಸೆಟ್ಟಿನಿಂದ ಆಚೆ ಎಲ್ಲೋ ಬೆಳಕು ಬಿದ್ದಿದೆ. ಪ್ಯಾಟರ್‌ಸನ್ ಬಗೆಯ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಫಿಲ್ಮ್ ಸುತ್ತುವ ರೀಲ್ ಕೂರಿಸುವ ಮಧ್ಯದ ಕಪ್ಪು ಕೊಳವೆ ಇದೆಯಲ್ಲ, ಅದನ್ನು ಹಾಕಲು ಮರೆತರೆ ಬಾಯಿಂದ ಬೆಳಕು ನೇರ ಒಳಗೆ ಹೋಗುತ್ತದೆ. ಹಳೆಯ ಟ್ಯಾಂಕ್ ಕೊಳ್ಳುವಾಗ ಆ ಕೊಳವೆ ಇದೆಯಾ ಅಂತ ಮೊದಲು ಕೇಳಿ. ಅದಿಲ್ಲದ ಟ್ಯಾಂಕ್ ಎಷ್ಟು ಅಗ್ಗವಾದರೂ ಬೇಡ.

ಕಪ್ಪು ಗೆರೆ, ಪಟ್ಟಿ ಅಲ್ಲಲ್ಲಿ ಬಂದಿದ್ದರೆ ಅವುಗಳ ನಡುವಿನ ದೂರ ಅಳೆಯಿರಿ. ಪ್ರತಿ ಫ್ರೇಮಿನಲ್ಲೂ ಅದೇ ಜಾಗದಲ್ಲಿದ್ದರೆ ಕ್ಯಾಮೆರಾ ಸೋರುತ್ತಿದೆ. ಬಹುಪಾಲು ಹಿಂಬಾಗಿಲಿನ ಫೋಮ್ ಉದುರಿರುತ್ತದೆ. ಪಟ್ಟಿಗಳ ಅಂತರ ಫಿಲ್ಮಿನ ಉದ್ದಕ್ಕೂ ಕ್ರಮೇಣ ಕಡಿಮೆಯಾಗುತ್ತಾ ಹೋದರೆ, ಫಿಲ್ಮ್ ಸುರುಳಿಯಾಗಿದ್ದಾಗ ಬೆಳಕು ಬಿದ್ದಿದೆ. ಒಳಗಿನ ಸುತ್ತು ಚಿಕ್ಕದು, ಅದಕ್ಕೇ ಅಂತರವೂ ಚಿಕ್ಕದು. ಆಗ ಕ್ಯಾಸೆಟ್, ರೀಲ್, ಟ್ಯಾಂಕ್ ಕಡೆ ಗಮನ ಕೊಡಿ.

ಬಾತ್‌ರೂಮಿನಲ್ಲಿ ಫಿಲ್ಮ್ ಲೋಡ್ ಮಾಡುವವರು ದೀಪ ಆರಿಸಿ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಮೊದಲ ನಿಮಿಷದಲ್ಲಿ ಕಾಣದ ಬೆಳಕು ಆಮೇಲೆ ಕಾಣುತ್ತದೆ. ವೆಂಟಿಲೇಟರಿನ ಗಾಜಿನ ಪಟ್ಟಿ, ಬಾಗಿಲ ಕೆಳಗಿನ ಸಂದಿ ಎಲ್ಲರಿಗೂ ನೆನಪಾಗುತ್ತವೆ. ಗೀಸರಿನ ಕೆಂಪು ದೀಪ ಯಾರಿಗೂ ನೆನಪಾಗುವುದಿಲ್ಲ. ಕೆಂಪು ಅಲ್ವಾ, ಏನಾಗುತ್ತದೆ ಅಂದುಕೊಳ್ಳಬೇಡಿ. ಕೆಂಪು ಬೆಳಕು ಸುರಕ್ಷಿತ ಅನ್ನುವುದು ಪ್ರಿಂಟ್ ಪೇಪರಿನ ಮಾತು. ನಾವು ಬಳಸುವ ಸಾಮಾನ್ಯ ಫಿಲ್ಮ್ ಕೆಂಪನ್ನೂ ಕಾಣುತ್ತದೆ. ಸ್ವಿಚ್‌ಬೋರ್ಡಿನ ಇಂಡಿಕೇಟರ್, ಕೈಗಡಿಯಾರದ ಹೊಳೆಯುವ ಮುಳ್ಳು, ಸ್ಮಾರ್ಟ್ ವಾಚ್, ಎಲ್ಲಕ್ಕೂ ಇದೇ ನಿಯಮ.

ಇಷ್ಟೆಲ್ಲ ತಲೆನೋವು ಬೇಡ ಅಂದರೆ ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಫಿಲ್ಮ್ ಲೋಡ್ ಮಾಡುವ, ಬೆಳಕು ನುಗ್ಗದ ಚೀಲ) ಕೊಳ್ಳಿ. ಈ ಹವ್ಯಾಸದಲ್ಲಿ ಕೊಟ್ಟ ದುಡ್ಡಿಗೆ ಮೋಸ ಮಾಡದ ವಸ್ತು ಅದು. ದೊಡ್ಡ ಸೈಜಿನದು ಇರಲಿ. ಸಣ್ಣದರಲ್ಲಿ ಕೈ ಬೆವರುತ್ತದೆ, ಒಳಗೆ ತೇವ ತುಂಬುತ್ತದೆ, ಫಿಲ್ಮ್ ಪ್ಲಾಸ್ಟಿಕ್ ರೀಲಿಗೆ ಅಂಟಿ ಮುಂದಕ್ಕೆ ಹೋಗುವುದಿಲ್ಲ. ಮಂಗಳೂರು, ಕಾರವಾರದ ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೀಲನ್ನು ಹಿಂದಿನ ದಿನವೇ ತೊಳೆದು ಒಣಗಿಸಿ, ಲೋಡ್ ಮಾಡುವ ಮುಂಚೆ ಹೇರ್ ಡ್ರೈಯರ್ ಹಿಡಿಯಿರಿ. ಅಂಟಿದ ಫಿಲ್ಮನ್ನು ಬಲವಂತವಾಗಿ ತಳ್ಳಿದರೆ ಮಡಿಕೆ ಬಿದ್ದು, ನೆಗೆಟಿವಿನಲ್ಲಿ ಉಗುರಿನ ಆಕಾರದ ಅರ್ಧಚಂದ್ರ ಗುರುತು ಉಳಿಯುತ್ತದೆ. ಎರಡು ಸುತ್ತು ಒಂದಕ್ಕೊಂದು ತಾಗಿದ ಜಾಗಕ್ಕೆ ಡೆವಲಪರ್ ಹೋಗುವುದೇ ಇಲ್ಲ.

ಚುಕ್ಕೆ, ಪಟ್ಟಿ, ಕಲೆ

ನೆಗೆಟಿವಿನಲ್ಲಿ ದುಂಡನೆಯ ಖಾಲಿ ಚುಕ್ಕೆ ಇದ್ದರೆ ಗಾಳಿ ಗುಳ್ಳೆ. ಡೆವಲಪರ್ ಸುರಿದ ಕೂಡಲೇ ಟ್ಯಾಂಕನ್ನು ಮೇಜಿಗೆ ಎರಡು ಸಲ ಕುಟ್ಟಿದರೆ ಹೋಗುತ್ತದೆ. ತೂತುಗಳಿಂದ ಚಿತ್ರದೊಳಕ್ಕೆ ಹರಿದಂತೆ ಕಪ್ಪು ಗೆರೆ ಬಂದರೆ ಜೋರಾಗಿ ಅಲುಗಾಡಿಸಿದ್ದೀರಿ. ಫಿಲ್ಮ್ ಕಂಪನಿ ಇಲ್‌ಫೋರ್ಡ್ ಹೇಳುವ ಕ್ರಮ ಸಾಕು. ಮೊದಲ 10 ಸೆಕೆಂಡಿನಲ್ಲಿ 4 ಸಲ ತಲೆಕೆಳಗು ಮಾಡುವುದು, ಆಮೇಲೆ ಪ್ರತಿ ನಿಮಿಷದ ಮೊದಲ 10 ಸೆಕೆಂಡಿನಲ್ಲಿ 4 ಸಲ. ಫಿಲ್ಮಿನ ಒಂದೇ ಬದಿಯ ಉದ್ದಕ್ಕೂ ತೆಳು ಪಟ್ಟಿ ಕಂಡರೆ ದ್ರವ ಕಡಿಮೆ ಬಿದ್ದಿದೆ, ಅಥವಾ ರೀಲ್ ಕೊಳವೆಯ ಮೇಲೆ ಜಾರಿದೆ. ಪ್ಯಾಟರ್‌ಸನ್ ಟ್ಯಾಂಕಿನಲ್ಲಿ 35 ಎಂಎಂ ರೀಲಿಗೆ 290 ಮಿಲೀ, ಅಗಲದ 120 ಫಿಲ್ಮಿಗೆ 500 ಮಿಲೀ ಬೇಕು. 10 ಮಿಲೀ ಉಳಿಸಲು ಹೋಗಬೇಡಿ.

ಒಣಗಿದ ಮೇಲೆ ಹೊಳೆಯುವ ಬದಿಯಲ್ಲಿ ಬಿಳಿ ಕಲೆ ಬಂದರೆ ನೀರಿನದೇ ತಪ್ಪು. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬರುವ ಮನೆಯಲ್ಲಿ ಇದು ತಪ್ಪಿದ್ದಲ್ಲ. ಬಕೆಟ್ಟಿಗೆ ಹಿಡಿಯುವ ಆ ಬಿಳಿ ಪದರವೇ ಫಿಲ್ಮಿಗೂ ಹಿಡಿಯುತ್ತದೆ. ತೊಳೆಯುವುದೆಲ್ಲ ನಲ್ಲಿ ನೀರಿನಲ್ಲೇ ಆಗಲಿ, ಕೊನೆಯ ಮುಳುಗು ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲಿ, ಫೋಟೋ-ಫ್ಲೋ (ನೀರು ಹನಿಗಟ್ಟದೆ ಜಾರುವಂತೆ ಮಾಡುವ ದ್ರವ) 1+200, ಅಂದರೆ ಒಂದು ಪಾಲಿಗೆ 200 ಪಾಲು ನೀರು, ಸೇರಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ನೀರು ಸಾಕು. ಪಕ್ಕದಲ್ಲೇ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ನೋಡಿಕೊಂಡು ತನ್ನಿ. ಬೇಸಿಗೆಯಲ್ಲಿ ನೀರಿಗೆ ಬರ ಇರುವವರಿಗೆ ಇಲ್‌ಫೋರ್ಡ್ ಪದ್ಧತಿ ಒಳ್ಳೆಯದು. ಟ್ಯಾಂಕ್ ತುಂಬಿಸಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿಸಿ 10 ಸಲ, ಮತ್ತೆ ತುಂಬಿಸಿ 20 ಸಲ. ಮೂರು ಟ್ಯಾಂಕ್ ನೀರಿನಲ್ಲಿ ಕೆಲಸ ಮುಗಿಯಿತು.

ಥರ್ಮಾಮೀಟರ್ ಮತ್ತು ನಮ್ಮ ಸೆಕೆ

ಪೊಟ್ಟಣದ ಮೇಲಿನ ಸಮಯವೆಲ್ಲ 20 ಡಿಗ್ರಿಗೆ ಬರೆದದ್ದು. ಏಪ್ರಿಲ್‌ನಲ್ಲಿ ನಮ್ಮ ನಲ್ಲಿ ನೀರು 20 ಡಿಗ್ರಿ ಎಲ್ಲಿರುತ್ತದೆ? ಪ್ರತಿ ರೋಲೂ ಗಟ್ಟಿ ಕಪ್ಪಗೆ ಬರುತ್ತಿದ್ದರೆ, ಅಕ್ಷರವೂ ದಪ್ಪಗೆ ಊದಿಕೊಂಡಂತಿದ್ದರೆ, ಮೊದಲು ಅನುಮಾನಿಸಬೇಕಾದದ್ದು ಶಾಖವನ್ನು.

20 ಡಿಗ್ರಿಯಲ್ಲಿ 4 ನಿಮಿಷ ಇರುವುದು 23 ಡಿಗ್ರಿಯಲ್ಲಿ 3 ನಿಮಿಷ ಅನ್ನುವುದು ಇಲ್‌ಫೋರ್ಡ್ ಕೊಡುವ ಲೆಕ್ಕ. ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 ಡೆವಲಪರ್ ನೀರು ಬೆರೆಸದೆ ಬಳಸಿದರೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಅದೇ ಅನುಪಾತದಲ್ಲಿ 23 ಡಿಗ್ರಿಗೆ 5 ನಿಮಿಷ 40 ಸೆಕೆಂಡ್, 26 ಡಿಗ್ರಿಗೆ ನಾಲ್ಕೂಕಾಲು ನಿಮಿಷ. 5 ನಿಮಿಷಕ್ಕಿಂತ ಕಡಿಮೆ ಆದಾಗ ಡೆವಲಪರ್ ಸುರಿಯುವ, ಬಸಿಯುವ ಹೊತ್ತೇ ದೊಡ್ಡ ಪಾಲಾಗಿ, ಆಕಾಶದಲ್ಲಿ ಪಟ್ಟಿ ಪಟ್ಟಿ ಏಳುತ್ತವೆ. ಇದಕ್ಕೆ ಫ್ರಿಜ್ ತುಂಬ ಐಸ್ ಬೇಕಿಲ್ಲ. ಅದೇ ಡೆವಲಪರನ್ನು 1+1 ಮಾಡಿ. 20 ಡಿಗ್ರಿಗೆ 13 ನಿಮಿಷ, 26 ಡಿಗ್ರಿಗೆ 7 ನಿಮಿಷ 20 ಸೆಕೆಂಡಿನಷ್ಟು. ನಮ್ಮ ಊರುಗಳಿಗೆ 1+1 ಸರಿಯಾದ ಆಯ್ಕೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆದರೆ ಥರ್ಮಾಮೀಟರ್ ನಿಜ ಹೇಳುತ್ತಿದೆಯಾ? ಪುಡಿ ಮಾಡಿದ ಐಸಿಗೆ ಸ್ವಲ್ಪ ನೀರು ಹಾಕಿ ಅದರಲ್ಲಿ ಇಡಿ, 0 ತೋರಿಸಬೇಕು. ಉಗುರು ಬೆಚ್ಚಗಿನ ನೀರಿನಲ್ಲಿ ಜ್ವರದ ಥರ್ಮಾಮೀಟರ್ ಜೊತೆಗೆ ಇಟ್ಟು 38ರ ಹತ್ತಿರ ಹೋಲಿಸಿ. ಒಂದು ಡಿಗ್ರಿ ತಪ್ಪು ಯಾವಾಗಲೂ ಅಷ್ಟೇ ಇದ್ದರೆ ಲೆಕ್ಕ ಇಟ್ಟುಕೊಂಡು ಬಳಸಬಹುದು. ದಿನಕ್ಕೊಂದು ತೋರಿಸುವುದಾದರೆ ಎಸೆಯಿರಿ. ಬಿಸಿ ಡೆವಲಪರಿನಿಂದ ತೀರಾ ತಣ್ಣನೆಯ ನೀರಿಗೆ ಫಿಲ್ಮ್ ಹಾಕಿದರೆ ಮೇಲಿನ ಪದರ ಬಿರುಕು ಬಿಟ್ಟಂತೆ ಸುಕ್ಕಾಗುತ್ತದೆ. ಎಲ್ಲ ದ್ರವವೂ ಒಂದೇ ಬಕೆಟ್ ನೀರಿನಲ್ಲಿ ನಿಂತಿರಲಿ.

ಪ್ರಿಂಟ್ ಬೂದು, ಪ್ರಿಂಟ್ ಮಂಕು

ಪೇಪರಿಗೆ ಫಿಲ್ಮಿನಂತೆ ಅಂಚಿನ ಅಕ್ಷರ ಇಲ್ಲ. ಸಾಕ್ಷಿಯನ್ನು ನಾವೇ ತಯಾರು ಮಾಡಿಕೊಳ್ಳಬೇಕು. ಪೂರ್ತಿ ಕತ್ತಲೆಯಲ್ಲಿ ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿ. ಒಂದನ್ನು ನೇರ ಫಿಕ್ಸರಿಗೆ ಹಾಕಿ. ಎರಡನೆಯದನ್ನು ಸೇಫ್‌ಲೈಟೂ (ಪೇಪರ್ ಕಾಣದ ಬಣ್ಣದ ಮಂದ ದೀಪ) ಇಲ್ಲದೆ ಡೆವಲಪ್ ಮಾಡಿ ಫಿಕ್ಸ್ ಮಾಡಿ. ಮೊದಲನೆಯದು ಬೆಳ್ಳಗೆ, ಎರಡನೆಯದು ಬೂದು ಅಂದರೆ ಪೇಪರೇ ಹಳತು. ಮೂರನೆಯದನ್ನು ರೂಮಿನ ದೀಪಕ್ಕೆ ತೋರಿಸಿ, ಪೂರ್ತಿ ಹೊತ್ತು ಡೆವಲಪ್ ಮಾಡಿ. ಆ ಪೇಪರಿನಲ್ಲಿ ಸಿಗಬಹುದಾದ ಅತಿ ಗಾಢ ಕಪ್ಪು ಅದು. ಅದೇ ಪೇಲವವಾಗಿದ್ದರೆ ಡೆವಲಪರ್ ದಣಿದಿದೆ, ತಣ್ಣಗಿದೆ, ಅಥವಾ ಪೇಪರ್ ಮುಗಿದಿದೆ. ಅದು ಗಾಢವಾಗಿದ್ದು ನಿಮ್ಮ ಪ್ರಿಂಟ್ ಮಾತ್ರ ಮಂಕಾಗಿದ್ದರೆ, ಟ್ರೇಯಿಂದ ಬೇಗ ಎತ್ತುತ್ತಿದ್ದೀರಿ. ಆರ್‌ಸಿ (ಪ್ಲಾಸ್ಟಿಕ್ ಲೇಪದ) ಪೇಪರಿಗೆ ಮಲ್ಟಿಗ್ರೇಡ್ ಡೆವಲಪರ್ 1+9ರಲ್ಲಿ ಒಂದು ನಿಮಿಷ. ಚಿತ್ರ ಕಪ್ಪಾಗುತ್ತಿದೆ ಅಂತ 30 ಸೆಕೆಂಡಿಗೆ ಎತ್ತಿದರೆ ಕಾಂಟ್ರಾಸ್ಟ್ ಬದಲಿಸುವ ಯಾವ ಫಿಲ್ಟರೂ ಕಾಪಾಡುವುದಿಲ್ಲ. ಎಕ್ಸ್‌ಪೋಷರ್ ಕಡಿಮೆ ಮಾಡಿ, ಸಮಯ ಪೂರ್ತಿ ಕೊಡಿ.

ನಾಲ್ಕನೆಯ ತುಂಡು ಸೇಫ್‌ಲೈಟ್ ಪರೀಕ್ಷೆಗೆ. ಪೇಪರನ್ನು ಸುಮ್ನೆ ಸೇಫ್‌ಲೈಟ್ ಕೆಳಗಿಟ್ಟು, ಬೆಳ್ಳಗೇ ಉಳಿಯಿತು, ಎಲ್ಲ ಸರಿ ಅಂದುಕೊಳ್ಳುವುದು ತಪ್ಪು. ಬೆಳಕು ತಿನ್ನದ ಪೇಪರ್ ಸ್ವಲ್ಪ ಸೋರಿಕೆಯನ್ನು ತಡೆದುಕೊಳ್ಳುತ್ತದೆ, ಎಕ್ಸ್‌ಪೋಸ್ ಆದ ಪೇಪರ್ ತಡೆಯುವುದಿಲ್ಲ. ಹಾಗಾಗಿ ಸೇಫ್‌ಲೈಟ್ ಆರಿಸಿ, ಮೊದಲು ಎನ್‌ಲಾರ್ಜರಿನಲ್ಲಿ (ನೆಗೆಟಿವನ್ನು ಪೇಪರಿನ ಮೇಲೆ ದೊಡ್ಡದಾಗಿ ಬಿಡುವ ಯಂತ್ರ) ತಿಳಿ ಬೂದು ಬರುವಷ್ಟು ಬೆಳಕು ಕೊಡಿ. ಆಮೇಲೆ ಮೇಲೊಂದು ನಾಣ್ಯ ಇಟ್ಟು, ಸೇಫ್‌ಲೈಟ್ ಹಾಕಿ, ಟ್ರೇ ಪಕ್ಕ 5 ನಿಮಿಷ ಬಿಡಿ. ಮತ್ತೆ ಕತ್ತಲೆಯಲ್ಲೇ ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ದೀಪ ಸರಿಯಿಲ್ಲ. ಬೆಳ್ಳನೆಯ ಭಾಗಗಳ ಹೊಳಪನ್ನು ತಿನ್ನುತ್ತಿರುವುದು ಅದೇ.

ದೀಪದ ಆಯ್ಕೆಯಲ್ಲಿ ಬಣ್ಣ ಬಳಿದ ಕೆಂಪು ಬಲ್ಬನ್ನು ನಂಬಬೇಡಿ. ಒಳಗೆ ಬಿಳಿ ಎಲ್‌ಇಡಿ ಇದ್ದರೆ ನೀಲಿ, ಹಸಿರು ಸೋರುತ್ತದೆ. ಹಳೆಯ ಸಿಡಿಯ ಹೊಳೆಯುವ ಬದಿಯಲ್ಲಿ ಆ ಬಲ್ಬಿನ ಪ್ರತಿಬಿಂಬ ನೋಡಿ. ಬರೀ ಕೆಂಪು ಕಾಣಬೇಕು. ಹಸಿರು ಗೆರೆ ಇಣುಕಿದರೆ ಬೇಡ. ಸರಿಯಾದ ಫಿಲ್ಟರ್ ಇರುವ ಸೇಫ್‌ಲೈಟೂ 15 ವ್ಯಾಟ್ ಮೀರದೆ, ಪೇಪರಿಗೆ 1.2 ಮೀಟರ್ ದೂರದಲ್ಲಿರಲಿ. ನಮ್ಮ ಬಾತ್‌ರೂಮಿನಲ್ಲಿ ಅಷ್ಟು ದೂರ ಸಿಗದಿದ್ದರೆ ದೀಪವನ್ನು ಸೀಲಿಂಗ್ ಕಡೆ ತಿರುಗಿಸಿ.

ಹಳೆಯ ಪೇಪರ್ ವಿಷಯಕ್ಕೆ ಬಂದರೆ, ಮುಚ್ಚಿದ ಸ್ಟುಡಿಯೋಗಳಿಂದ ಇನ್ನೂ 'ಇಂದು' ಬ್ರ್ಯಾಂಡಿನ ಪೇಪರಿನ ಪೊಟ್ಟಣ ಸಿಗುವುದುಂಟು. 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ಮಾಲು. ಆಸೆಯಾಗುತ್ತದೆ, ಆದರೆ ಮೇಲಿನ ಎರಡನೆಯ ತುಂಡಿನ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ. ಕಲಿಯುವವರಿಗೆ ಹೊಸ ಮಲ್ಟಿಗ್ರೇಡ್ ಆರ್‌ಸಿ ಪೇಪರೇ ಸರಿ. 2 ನಿಮಿಷ ತೊಳೆದರೆ ಸಾಕು. ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರ್ ಹರಿಯುವ ನೀರಿನಲ್ಲಿ ಒಂದು ಗಂಟೆ ಕೇಳುತ್ತದೆ. ಟ್ಯಾಂಕರ್ ನೀರು ಕೊಳ್ಳುವ ಮನೆಯಲ್ಲಿ ಯಾರು ಸುಮ್ಮನಿರುತ್ತಾರೆ?

ಇನ್ನೊಂದು ಗೊಂದಲ ಫಿಲ್ಟರಿನದು. ಇಲ್‌ಫೋರ್ಡ್ ಫಿಲ್ಟರ್ 00ಯಿಂದ ಮೂರೂವರೆವರೆಗೆ ಒಂದೇ ಎಕ್ಸ್‌ಪೋಷರ್ ಸಮಯ, 4ರಿಂದ 5ರವರೆಗಿನವಕ್ಕೆ ಇಮ್ಮಡಿ. ನಾಲ್ಕನೆಯ ಫಿಲ್ಟರ್ ಹಾಕಿದಾಗ ಪ್ರಿಂಟ್ ದಿಢೀರನೆ ಬಿಳಿಚಿಕೊಂಡರೆ ಅದು ದೋಷ ಅಲ್ಲ.

ಚೂಪು ಇಲ್ಲದ ಪ್ರಿಂಟ್

ಭೂತಗನ್ನಡಿ ಹಿಡಿದು ಪ್ರಿಂಟಿನಲ್ಲಿ ಗ್ರೇನ್ ಹುಡುಕಿ. ಗ್ರೇನ್ ಚೂಪಾಗಿದ್ದು ಚಿತ್ರ ಮಬ್ಬಾಗಿದ್ದರೆ ಕ್ಯಾಮೆರಾದಲ್ಲೇ ಕೈ ಅಲುಗಿದೆ ಅಥವಾ ಫೋಕಸ್ ತಪ್ಪಿದೆ. ಗ್ರೇನೇ ಮಬ್ಬು ಅಂದರೆ ಎನ್‌ಲಾರ್ಜರ್ ನೋಡಬೇಕು. ಒಂದು ಮೂಲೆ ಮಾತ್ರ ಮಬ್ಬಾದರೆ ತಲೆಭಾಗ ಮತ್ತು ಬೋರ್ಡ್ ಸಮಾನಾಂತರ ಇಲ್ಲ. ಫೋಕಸ್ ಮಾಡಿದಾಗ ಸರಿಯಿದ್ದು ಪ್ರಿಂಟಿನಲ್ಲಿ ಮಬ್ಬಾದರೆ, ದೀಪದ ಬಿಸಿಗೆ ನೆಗೆಟಿವ್ ಉಬ್ಬಿದೆ. ಗಾಜಿಲ್ಲದ ಕ್ಯಾರಿಯರಿನಲ್ಲಿ (ನೆಗೆಟಿವ್ ಹಿಡಿಯುವ ಚೌಕಟ್ಟು) ಇದು ಸಾಮಾನ್ಯ. ನೆಗೆಟಿವ್ ಬಿಸಿಯಾಗಲು ಬಿಟ್ಟು, ಆಮೇಲೆ ಫೋಕಸ್ ಮಾಡಿ, ತಡ ಮಾಡದೆ ಎಕ್ಸ್‌ಪೋಸ್ ಮಾಡಿ. ಗಾಜಿನ ಕ್ಯಾರಿಯರ್ ಹಾಕಿದರೆ ಉಬ್ಬು ಹೋಗುತ್ತದೆ, ಬದಲಿಗೆ ನ್ಯೂಟನ್ ಉಂಗುರಗಳು (ಗಾಜಿಗೆ ಫಿಲ್ಮ್ ತಾಗಿದಲ್ಲಿ ಮೂಡುವ ಉಂಗುರದ ಗೆರೆಗಳು), ಎರಡು ಪಟ್ಟು ಧೂಳು ಬರುತ್ತವೆ.

ಹಳೆಯ ಎನ್‌ಲಾರ್ಜರ್ ಯಾವುದಾದರೂ ಸರಿ, ಅಲುಗಾಡಬಾರದು. ದುಡ್ಡು ಇಡಬೇಕಾದದ್ದು ಲೆನ್ಸಿಗೆ. 35 ಎಂಎಂ ನೆಗೆಟಿವಿಗೆ 50 ಎಂಎಂ, 6x6 ಸೆಂ.ಮೀ ನೆಗೆಟಿವಿಗೆ 75 ಅಥವಾ 80 ಎಂಎಂ. ಇಎಲ್-ನಿಕ್ಕೋರ್, ರೋಡಗಾನ್, ಕಾಂಪೊನಾನ್-ಎಸ್ ಯಾವುದು ಸಿಕ್ಕರೂ ತೆಗೆದುಕೊಳ್ಳಿ. ಕೊಳ್ಳುವ ಮುಂಚೆ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಬೂಸ್ಟು ಇದೆಯಾ ನೋಡಿ. ಎಫ್8ರ ಹತ್ತಿರ ಬಳಸಿ, ಪೂರ್ತಿ ತೆರೆದು ಪ್ರಿಂಟ್ ಮಾಡಬೇಡಿ.

ಇಷ್ಟೆಲ್ಲ ಸರಿಯಿದ್ದೂ ಟೆಸ್ಟ್ ಸ್ಟ್ರಿಪ್ (ಸರಿಯಾದ ಸಮಯ ಹುಡುಕಲು ಮೊದಲು ಎಕ್ಸ್‌ಪೋಸ್ ಮಾಡುವ ಪೇಪರ್ ತುಂಡು) ಒಂದು ಹೇಳಿ, ಪ್ರಿಂಟ್ ಇನ್ನೊಂದು ಬರುತ್ತಿದೆಯಾ? ಅದೇ ಸಮಯ, ಅದೇ ಫಿಲ್ಟರ್, ಆದರೂ ಒಂದು ಗಾಢ, ಒಂದು ತಿಳಿ. ಆಗ ಪಕ್ಕದ ಮನೆಯ ಮೋಟಾರ್ ಪಂಪ್ ಶುರುವಾದ ಹೊತ್ತು ಗಮನಿಸಿ. ವೋಲ್ಟೇಜ್ ಬಿದ್ದಾಗ ಎನ್‌ಲಾರ್ಜರಿನ ಫಿಲಮೆಂಟ್ ಬಲ್ಬ್ ಮಂಕಾಗುತ್ತದೆ, ಬೆಳಕು ಹಳದಿಗೆ ತಿರುಗಿ ಕಾಂಟ್ರಾಸ್ಟೂ ಬದಲಾಗುತ್ತದೆ. ಫ್ರಿಜ್ಜಿನ ಸ್ಟೆಬಿಲೈಸರ್ ಮೆಟ್ಟಿಲು ಮೆಟ್ಟಿಲಾಗಿ ಬದಲಾಯಿಸುವುದರಿಂದ ಇದಕ್ಕೆ ಆಗುವುದಿಲ್ಲ, ಸರ್ವೋ ಬಗೆಯದು ಬೇಕು. ಅದಕ್ಕೆ ದುಡ್ಡಿಲ್ಲದಿದ್ದರೆ ರಾತ್ರಿ ಹತ್ತರ ಮೇಲೆ ಪ್ರಿಂಟ್ ಮಾಡಿ. ಪಂಪುಗಳೂ ಮಲಗಿರುತ್ತವೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟುವ ಕೆಲಸವೂ ಅರ್ಧ ಉಳಿಯುತ್ತದೆ.